ಸೊಂಟದಿಂದ ಕಾಲಿಗೆ ಇಳಿಯುವ ನೋವನ್ನು ಪರೀಕ್ಷಿಸುವುದು ಹೇಗೆ

ನರ್ಸಿಂಗ್, ಫಿಸಿಯೋಥೆರಪಿ ಓದುತ್ತಿರುವವರಿಗೆ ಇದು. ರೋಗಿ ಮಂಚ ಹತ್ತುವ ಮೊದಲೇ ಪರೀಕ್ಷೆ ಶುರು. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ, ಬೀಳದಂತೆ ಪಕ್ಕದಲ್ಲೇ ನಿಂತಿರಿ. ಹಿಮ್ಮಡಿ ಮೇಲೆ ಆಗದಿದ್ದರೆ ಎಲ್4, ಎಲ್5 ನರದ (ಸೊಂಟದ ಬೆನ್ನುಮೂಳೆಯಿಂದ ಕಾಲಿಗೆ ಇಳಿಯುವ ನರಗಳು) ಮೇಲೆ ಅನುಮಾನ, ತುದಿಗಾಲಲ್ಲಿ ಆಗದಿದ್ದರೆ ಅವುಗಳ ಕೆಳಗಿನ ಎಸ್1 ನರದ ಮೇಲೆ.

ಆಮೇಲೆ ಅಂಗಾತ ಮಲಗಿಸಿ. ಮಂಡಿ ಮಡಚದಂತೆ ಹಿಡಿದು ಕಾಲನ್ನು ನೀವೇ ನಿಧಾನವಾಗಿ ಎತ್ತಿ, ಎಲ್ಲಿ ನೋವು ಬಂತು ಎಂದು ಕೇಳುವಾಗ ಅವರ ಮುಖವನ್ನೂ ನೋಡುತ್ತಿರಿ. 30ರಿಂದ 70 ಡಿಗ್ರಿಯೊಳಗೆ ನೋವು ಮಂಡಿಯ ಕೆಳಗೂ ಇಳಿದರೆ ನರ ಒತ್ತಿದೆ ಎಂದು ಅನುಮಾನಿಸಬೇಕು. ಬರೀ ತೊಡೆಯ ಹಿಂಭಾಗ ಬಿಗಿದರೆ ಅದು ಸಾಮಾನ್ಯವಾಗಿ ಸ್ನಾಯುವಿನ ಸೆಳೆತ, ಪಾಸಿಟಿವ್ ಅಂತ ಬರೆಯಬೇಡಿ.

ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ, ನೀವು ಕೆಳಗೆ ಒತ್ತಿ. ಸ್ನಾಯುವಿನ ಬಲವನ್ನು 0ರಿಂದ 5ರ ಗ್ರೇಡ್‌ನಲ್ಲಿ ಬರೆಯುತ್ತಾರೆ: ಪೂರ್ತಿ ತಡೆದುಕೊಂಡರೆ ಗ್ರೇಡ್ 5. ಎತ್ತಲು ಬರುತ್ತದೆ, ಆದರೆ ಸ್ವಲ್ಪ ಒತ್ತಿದರೂ ಬೀಳುತ್ತದೆ ಅಂದ್ರೆ 3. ಸ್ನಾಯು ಬರೀ ಮಿಡಿದರೆ 1. ಎರಡೂ ಕಾಲು ಹೋಲಿಸಲೇಬೇಕು.

ಇನ್ನು ರಿಫ್ಲೆಕ್ಸ್ (ತಟ್ಟಿದಾಗ ಕಾಲು ತಾನಾಗಿ ಮಿಡಿಯುವುದು) ನೋಡಿ, ಹ್ಯಾಮರ್ ಏಟು ಮಣಿಕಟ್ಟಿನಿಂದ ಸಡಿಲವಾಗಿ ಬೀಳಲಿ. ಹಿಮ್ಮಡಿ ಮೇಲಿನ ಸ್ನಾಯುರಜ್ಜು ಎಸ್1 ತೋರಿಸುತ್ತದೆ, ಮಂಡಿಚಿಪ್ಪಿನ ಕೆಳಗಿನದು ಮುಖ್ಯವಾಗಿ ಎಲ್4. ಪ್ರತಿಕ್ರಿಯೆ ಬರದಿದ್ದರೆ ಎರಡೂ ಕೈಬೆರಳು ಕೊಕ್ಕೆ ಹಾಕಿಸಿ ಎಳೆಯಲು ಹೇಳಿ, ಆಗಲೇ ಮತ್ತೆ ತಟ್ಟಿ.

ಮೂತ್ರ ಕಟ್ಟಿದೆಯಾ, ಕೂರುವ ಜಾಗ ಮರಗಟ್ಟಿದೆಯಾ ಎಂದು ಸಂಕೋಚಪಡದೆ ಕೇಳಿ. ಹೌದು ಎಂದರೆ ಉಳಿದ ಪರೀಕ್ಷೆ ಅಲ್ಲಿಗೇ ಬಿಟ್ಟು ಡಾಕ್ಟರನ್ನು ತಕ್ಷಣ ಕರೆಯಿರಿ.