ಲೈನ್ ಮನೆ ಪಕ್ಕದಲ್ಲಿದ್ದೂ ಕಾಣದ ಸಮಾಜಶಾಸ್ತ್ರ

ಮೊದಲ ಸಲ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೀಟಿನ ಸಂದರ್ಶನದಲ್ಲಿ ನಾನು ಮುಗ್ಗರಿಸಿದ್ದು ಒಂದೇ ಪ್ರಶ್ನೆಗೆ. ‘ನಿಮ್ಮೂರಲ್ಲಿ ಯಾರ ಮಕ್ಕಳು ಶಾಲೆ ಬಿಡ್ತಾರಮ್ಮಾ? ಯಾವ ತಿಂಗಳಲ್ಲಿ?’ ಸಾಮಾಜೀಕರಣದ ವ್ಯಾಖ್ಯೆ ಬಾಯಿಪಾಠ ಇತ್ತು. ಇದಕ್ಕೆ ಬಾಯೇ ಬರಲಿಲ್ಲ. ಅಪ್ಪ ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ತೋಟದ ಕೂಲಿಯವರು ಇರುವ ಸಾಲುಮನೆಗಳು, ಅಂದರೆ ಲೈನ್ ಮನೆಗಳು, ನಮ್ಮ ಮನೆಯಿಂದ ಕೂಗಳತೆಯಲ್ಲಿವೆ!

ನಾನು ಓದಿದ್ದು ಬಿಕಾಂ. ಮರುವರ್ಷ ಗೈಡ್ ಮೂಲೆಗಿಟ್ಟು ತಂಗಿಯ ಪಿಯುಸಿ ಸಮಾಜಶಾಸ್ತ್ರ, ಅರ್ಥಶಾಸ್ತ್ರ ಪುಸ್ತಕ ಹಿಡಿದೆ. ನಾಚಿಕೆಯಾಯಿತು ನಿಜ, ಆದರೆ ಬುಡ ಗಟ್ಟಿಯಾದದ್ದು ಅಲ್ಲೇ.

ಕಣ್ಣು ತೆರೆಸಿದವನು ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೈಮ್. ಆತ್ಮಹತ್ಯೆಯಂಥ ತೀರಾ ಖಾಸಗಿ ಸಂಗತಿಗೂ ಸಮಾಜದ ಬಂಧ ಬಿಗಿಯೋ ಸಡಿಲವೋ ಎಂಬುದರಲ್ಲಿ ಕಾರಣ ಹುಡುಕಿದ, 1897ರಲ್ಲೇ. ‘ಅವರಿಗೆ ಮಕ್ಕಳನ್ನು ಓದಿಸೋ ಮನಸ್ಸೇ ಇಲ್ಲ’ ಎನ್ನುವುದು ಲೈನ್ ಮನೆಯವರ ಬಗ್ಗೆ ಅಪ್ಪನ ಹಳೇ ಮಾತು. ನನಗೂ ಹಾಗೇ ಅನ್ನಿಸುತ್ತಿತ್ತು. ಅಪ್ಪನ ಚೆಕ್‌ರೋಲ್ (ಕೂಲಿಯವರ ಹಾಜರಿ, ಸಂಬಳದ ಪುಸ್ತಕ) ಇಸಿದುಕೊಂಡು ಕೂತೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕೂಲಿ ತೂಕದ ಮೇಲೆ. ಮನೆಮಂದಿಯೆಲ್ಲ ಇಳಿದರೆ ನಾಲ್ಕು ಕಾಸು ಹೆಚ್ಚು. ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲೇ ಉಳಿಯಬೇಕು. ಮುಂಗಡ ಪಡೆದವರಂತೂ ತೋಟ ಬಿಟ್ಟು ಹೋಗುವಂತಿಲ್ಲ. ಮನಸ್ಸಿನ ಮಾತೆಲ್ಲಿ ಬಂತು? ಅಪ್ಪನಿಗೆ ತೋರಿಸಿದೆ. ‘ಲೆಕ್ಕ ನಂದೇ, ಹೀಗೆ ನೋಡಿರ್ಲಿಲ್ಲ’ ಅಂದರು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮ, ಸಮಾಜ ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಓದಿದೆ. ಸಂಸ್ಕೃತೀಕರಣ (ಕೆಳಗಿನ ಜಾತಿಗಳು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದು) ಎಂಬ ಪರಿಕಲ್ಪನೆಯ ಚರ್ಚೆಗೆ ನಮ್ಮ ಜಿಲ್ಲೆಯೇ ನೆಲ ಎಂಬ ಹೆಮ್ಮೆ ಬೇರೆ. ಆದರೆ ಅದರ ಕಣ್ಣು ಕೊಡವರ ಒಕ್ಕ (ಕುಲ), ಐನ್‌ಮನೆ (ಕುಲದ ಮೂಲ ಮನೆ)ಗಳ ಮೇಲೆ. ತೋಟದಲ್ಲಿ ದುಡಿಯುವ ಆದಿವಾಸಿ ಯರವರ, ಜೇನುಕುರುಬರ ಬದುಕು ತಿಳಿಯಲು ಲೈನ್ ಮನೆಗೇ ಹೋಗಬೇಕಾಯಿತು. ಅವರು ಚಹಾ ಕೊಟ್ಟು ಮಾತಾಡಿದರು. ನಾನು ಪೆನ್ನು ತೆಗೆದಾಗ ಮಾತ್ರ ಸುಮ್ಮನಾದರು. ಪೆನ್ನು ಒಳಗಿಡುವುದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಮನಃಶಾಸ್ತ್ರದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಮಾಸ್ಲೋ ಜೊತೆ ನನಗೆ ಜಗಳವಾಯಿತು. ಮನುಷ್ಯನ ಅಗತ್ಯಗಳ ಬಗ್ಗೆ 1943ರ ಅವನ ಸಿದ್ಧಾಂತವನ್ನು ಪರೀಕ್ಷೆಯ ಪುಸ್ತಕಗಳು ಮೆಟ್ಟಿಲಿನ ಹಾಗೆ ಬರೆಯುತ್ತವೆ: ಮೊದಲು ಅನ್ನ, ಆಮೇಲೆ ಭದ್ರತೆ, ಪ್ರೀತಿ, ಗೌರವ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಕಂಬಳಿ ಹಂಚಲು ಹೋಗಿದ್ದೆ. ಮಕ್ಕಂದೂರು ಕಡೆಯ ಕೊಡವ ಅಜ್ಜಿಯೊಬ್ಬರು ತಟ್ಟೆ ಮುಟ್ಟಲಿಲ್ಲ. ‘ನೆಲ್ಲಕ್ಕಿಯಲ್ಲಿ ದೀಪ ಹಚ್ಚೋರು ಯಾರು ಮಗಳೇ?’ ಎಂದೇ ಕೇಳುತ್ತಿದ್ದರು. ನೆಲ್ಲಕ್ಕಿ ಎಂದರೆ ಹಿರಿಯರಿಗೆ ದೀಪವಿಡುವ ನಡುಮನೆ. ಮನೆಯೇ ಮಣ್ಣಡಿಯಿತ್ತು. ಅನ್ನಕ್ಕಿಂತ ಮೊದಲು ಗುರುಕಾರಣ (ಕುಲದ ಮೂಲಪುರುಷ) ನೆನಪಾಗುವವರನ್ನು ಯಾವ ಮೆಟ್ಟಿಲಲ್ಲಿ ಕೂರಿಸುವುದು?

ಎರಡನೇ ಸಂದರ್ಶನದಲ್ಲಿ ಶಾಲೆ ಬಿಡುವ ಮಕ್ಕಳ ಮಾತೇ ಬರಲಿಲ್ಲ. ಅಷ್ಟು ಲೆಕ್ಕ ಹಾಕಿದ್ದೆಲ್ಲ ಜೇಬಿನಲ್ಲೇ ಉಳಿಯಿತು. ಮಾಸ್ಲೋ ಬಗ್ಗೆ ಕೇಳಿದರು. ಅಜ್ಜಿಯ ಕಥೆ ಹೇಳಿದೆ. ಸೀಟು ಸಿಕ್ಕಿತು.