ದಿನಕ್ಕೊಂದು ಶುಭಸಂದೇಶ: ಬೈಬಲ್ ಓದು ರೂಢಿಯಾಗಬೇಕಾದರೆ ಏನು ಮಾಡಬೇಕು?

ಬೈಬಲ್ ಇಲ್ಲದ ಕಥೋಲಿಕರ ಮನೆ ಸಿಗುವುದು ಕಷ್ಟ. ಮದುವೆಗೋ ಮೊದಲ ಪರಮಪ್ರಸಾದಕ್ಕೋ ಯಾರೋ ಕೊಟ್ಟಿರುತ್ತಾರೆ. ಪವಿತ್ರ ಹೃದಯದ ಪಟದ ಕೆಳಗೆ, ಮೇಲೊಂದು ಜಪಸರ ಹೊದ್ದುಕೊಂಡು ಅದು ಕೂತಿರುತ್ತದೆ. ಓದಬೇಕೆಂಬ ಆಸೆಯೇನೋ ಎಲ್ಲರಿಗೂ ಇದೆ. ಜನವರಿ ಒಂದರಂದು ಮೊದಲ ಪುಟ ತೆರೆಯುತ್ತೇವೆ. ಆದಿಕಾಂಡ ಸರಾಗವಾಗಿ ಸಾಗುತ್ತದೆ: ಜಲಪ್ರಳಯ, ಅಬ್ರಹಾಮ, ಅಣ್ಣಂದಿರೇ ಮಾರಿಬಿಟ್ಟ ಯೋಸೇಫ. ವಿಮೋಚನಾಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ತೊಂದರೆಯಿಲ್ಲ. ಆಮೇಲೆ 25ನೇ ಅಧ್ಯಾಯ ಬರುತ್ತದೆ. ಜಾಲೀಮರದ ಮಂಜೂಷ ಎಂಬ ಪವಿತ್ರ ಪೆಟ್ಟಿಗೆ, ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಪರದೆಗೆ ಇಷ್ಟು ಕುಣಿಕೆ, ಕಂಬಕ್ಕೆ ಇಷ್ಟು ಕೊಂಡಿ. ಅದನ್ನೂ ಹಲ್ಲು ಕಚ್ಚಿ ದಾಟಿದವರನ್ನು ಯಾಜಕಕಾಂಡದ 27 ಅಧ್ಯಾಯಗಳು ಕಾಯುತ್ತಿರುತ್ತವೆ. ಫೆಬ್ರುವರಿ ಹೊತ್ತಿಗೆ ಜಪಸರ ಮತ್ತೆ ಪುಸ್ತಕದ ಮೇಲೆ.

ಮೊದಲ ಪುಟದಿಂದಲೇ ಶುರುಮಾಡಬೇಕೆಂದು ನಮಗೆ ಯಾರೂ ಹೇಳಿಲ್ಲ. ದೇವಾಲಯದ ಬಲಿಪೂಜೆಯಲ್ಲಿ ಯಾವ ದಿನ ಬೈಬಲಿನ ಯಾವ ಭಾಗ ಓದಬೇಕೆಂದು, ಅಂದರೆ ಆ ದಿನದ ವಾಚನ ಯಾವುದೆಂದು, ಧರ್ಮಸಭೆಯೇ ಗೊತ್ತುಮಾಡಿ ಇಟ್ಟಿದೆ. ಹೊಸ ಯೋಜನೆ ಹಾಕಿಕೊಳ್ಳುವ ಬದಲು ಆ ದಿನಚರಿಗೆ ನೇತುಬೀಳುವುದೇ ಸುಲಭ. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

ಮೊದಲು ಪುಸ್ತಕ ನೋಡಿಕೊಳ್ಳಿ

ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ: ಹಳೆಯ ಒಡಂಬಡಿಕೆಯಲ್ಲಿ 46, ಹೊಸ ಒಡಂಬಡಿಕೆಯಲ್ಲಿ 27. ಪ್ರಾಟೆಸ್ಟೆಂಟ್ ಮುದ್ರಣಗಳಲ್ಲಿ ಇರುವುದು 66. ನಿಮ್ಮ ಕೈಯಲ್ಲಿರುವುದು ಯಾವುದೆಂದು ತಿಳಿಯಲು ವಿಷಯಸೂಚಿ ತೆರೆಯಿರಿ. ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು ಕಂಡರೆ ಸರಿ. ಕೆಲವು ಮುದ್ರಣಗಳಲ್ಲಿ ಇವು ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಸೇರಿರುತ್ತವೆ, ಅದೂ ಆದೀತು. ಇಷ್ಟೊಂದು ಪರೀಕ್ಷೆ ಯಾಕೆಂದರೆ, ಬೆಸ ಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ ವಾರದ ದಿನಗಳ ಮೊದಲ ವಾಚನ ಜ್ಞಾನಗ್ರಂಥದಿಂದಲೂ ಮಕ್ಕಬಿಯರಿಂದಲೂ ಬರುತ್ತದೆ. ಆಗ ಪುಟ ತಿರುವಿ ತಿರುವಿ ಸಿಗದೆ ಬೇಸರವಾಗುವುದು ಬೇಡ.

ಧರ್ಮಾಧ್ಯಕ್ಷರ (ಬಿಷಪ್) ಅನುಮೋದನೆ ಇದೆಯೇ ಎಂದು ಆರಂಭದ ಪುಟಗಳಲ್ಲಿ ನೋಡಿ. ಪ್ರತಿ ಗ್ರಂಥಕ್ಕೂ ಪುಟ್ಟ ಪೀಠಿಕೆ, ಅಡಿಟಿಪ್ಪಣಿ ಇರುವ ಮುದ್ರಣ ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಮೊಬೈಲ್ ಆ್ಯಪ್ ಪ್ರಯಾಣಕ್ಕೆ ಅನುಕೂಲ. ಮನೆಯಲ್ಲಿ ಮಾತ್ರ ಕಾಗದದ ಪುಸ್ತಕವೇ ವಾಸಿ ಎಂಬುದು ನನ್ನ ಪಕ್ಷಪಾತ. ಶುಭಸಂದೇಶದ ಕುರುಡ ಭಿಕ್ಷುಕ ಬಾರ್ತಿಮಾಯ ಕೂಗುತ್ತಿರುವಾಗಲೇ ವಾಟ್ಸ್ಯಾಪ್ ಗುಂಪೂ ಕೂಗಿದರೆ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತು.

ಇವತ್ತು ಯಾವ ಭಾಗ?

ಜಗತ್ತಿನ ಧರ್ಮಾಧ್ಯಕ್ಷರು ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಬಲಿಪೂಜೆ ಲತೀನಿನಲ್ಲಿತ್ತು. ಭಾನುವಾರದ ವಾಚನಗಳು ವರ್ಷವರ್ಷವೂ ಅವೇ, ಹಳೆಯ ಒಡಂಬಡಿಕೆ ಕಿವಿಗೆ ಬೀಳುತ್ತಿದ್ದುದು ಅಪರೂಪ. ನಮ್ಮ ಅಜ್ಜ ಅಜ್ಜಿಯರ ಭಕ್ತಿ ಜಪಸರದ ಮೇಲೆ ನಿಂತಿತ್ತು, ಬೈಬಲ್ ಗುರುಗಳ ಕೈಯ ಪುಸ್ತಕವಾಗಿತ್ತು. ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ 'ದೇಯಿ ವೆರ್ಬುಂ' ದಸ್ತಾವೇಜು, ಶ್ರೀಸಾಮಾನ್ಯ ವಿಶ್ವಾಸಿಗಳೆಲ್ಲರೂ ಪವಿತ್ರ ಗ್ರಂಥವನ್ನು ಪದೇ ಪದೇ ಓದಬೇಕೆಂದು ಒತ್ತಿ ಹೇಳಿತು. ಪವಿತ್ರ ಗ್ರಂಥವನ್ನು ಅರಿಯದವನು ಕ್ರಿಸ್ತನನ್ನೇ ಅರಿಯದವನು ಎಂಬ ಸಂತ ಜೆರೋಮರ ಮಾತನ್ನು ಅದು ನೆನಪಿಸಿದ್ದೂ ಅಲ್ಲಿಯೇ. ಆಮೇಲೆ ಬಂದ ಹೊಸ ವಾಚನ ಕ್ರಮವೇ ಈಗ ನಾವು ದೇವಾಲಯದಲ್ಲಿ ಕೇಳುತ್ತಿರುವುದು.

ಅದರ ಲೆಕ್ಕ ಒಮ್ಮೆ ಹಿಡಿತಕ್ಕೆ ಬಂದರೆ ಆಮೇಲೆ ಮರೆಯುವುದಿಲ್ಲ. ಭಾನುವಾರಗಳ ಶುಭಸಂದೇಶಕ್ಕೆ, ಅಂದರೆ ಯೇಸುವಿನ ಜೀವನ ಹೇಳುವ ನಾಲ್ಕು ಗ್ರಂಥಗಳಿಂದ ಓದುವ ಭಾಗಕ್ಕೆ, ಮೂರು ವರ್ಷದ ಸುತ್ತು: 'ಎ' ವರ್ಷ ಮತ್ತಾಯ, 'ಬಿ' ವರ್ಷ ಮಾರ್ಕ, 'ಸಿ' ವರ್ಷ ಲೂಕ. ಮೂರರಿಂದ ಭಾಗಿಸಿದಾಗ ಶೇಷ ಉಳಿಯದ ಇಸವಿ 'ಸಿ'. 2025 ಹಾಗಿತ್ತು, ಆದ್ದರಿಂದ 2026 'ಎ'. ಈ ವಾಚನ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಅದಕ್ಕೂ ಮುಂಚೆ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಯೊವಾನ್ನರಿಗೆ ತಮ್ಮದೇ ವರ್ಷವಿಲ್ಲ, ಅವರು ಹೆಚ್ಚಾಗಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮತ್ತು ಈಸ್ಟರಿನಿಂದ ಶುರುವಾಗುವ ಪಾಸ್ಖ ಕಾಲದಲ್ಲಿ ಬರುತ್ತಾರೆ. ಇಂಥ ವಿಶೇಷ ಕಾಲಗಳ ಹೊರಗಿನದಕ್ಕೆ ಸಾಧಾರಣ ಕಾಲವೆಂದು ಹೆಸರು, ಅದರ ವಾರದ ದಿನಗಳಲ್ಲಿ ಮೊದಲ ವಾಚನ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು. ಶುಭಸಂದೇಶ ಮಾತ್ರ ಪ್ರತಿವರ್ಷ ಅದೇ. ಸಾಧಾರಣ ಕಾಲದ ಮೊದಲ ಒಂಬತ್ತು ವಾರ ಮಾರ್ಕ, 10ರಿಂದ 21ನೇ ವಾರದವರೆಗೆ ಮತ್ತಾಯ, 22ರಿಂದ 34ರವರೆಗೆ ಲೂಕ. ಅಂದರೆ ದಿನದ ಶುಭಸಂದೇಶವೊಂದನ್ನೇ ಓದುತ್ತ ಹೋದವರು, ಬೇರೇನೂ ಮಾಡದೆ, ವರ್ಷ ತುಂಬುವಷ್ಟರಲ್ಲಿ ನಾಲ್ಕೂ ಶುಭಸಂದೇಶಗಳ ಬಹುಭಾಗವನ್ನು ಕ್ರಮವಾಗಿ ಓದಿರುತ್ತಾರೆ.

ದಿನದ ಭಾಗ ಧರ್ಮಪ್ರಾಂತ್ಯದ ಕ್ಯಾಲೆಂಡರಿನಲ್ಲಿ, ವಾಚನ ಪಂಚಾಂಗದಲ್ಲಿ, ಆ್ಯಪ್‌ಗಳಲ್ಲಿ ಸಿಗುತ್ತದೆ. 'ಲೂಕ 10:25-37' ಎಂದಿದ್ದರೆ 10ನೇ ಅಧ್ಯಾಯದ 25ರಿಂದ 37ನೇ ವಚನ. ಕೀರ್ತನೆಗಳ ಸಂಖ್ಯೆ ಕೆಲವೊಮ್ಮೆ ಒಂದು ಹಿಂದೆಮುಂದೆ ಆಗಿರುತ್ತದೆ. ಹಳೆಯ ಗ್ರೀಕ್ ಮತ್ತು ಲತೀನ್ ಎಣಿಕೆಯೇ ಬೇರೆ, ಗಾಬರಿಯಾಗದೆ ಪಕ್ಕದ ಕೀರ್ತನೆ ನೋಡಿ.

ಮೊದಲ ತಿಂಗಳು ಶುಭಸಂದೇಶವೊಂದೇ ಸಾಕು. ಉತ್ಸಾಹದಲ್ಲಿ ಎಲ್ಲ ವಾಚನಗಳನ್ನೂ ಹೊತ್ತುಕೊಂಡವರು ಬೇಗ ದಣಿಯುತ್ತಾರೆ.

ಹತ್ತು ನಿಮಿಷ, ಆದರೆ ಯಾವ ಹತ್ತು ನಿಮಿಷ?

ಬಿಡುವಾದಾಗ ಓದುತ್ತೇನೆ ಎಂದವರಿಗೆ ಬಿಡುವಾಗುವುದೇ ಇಲ್ಲ. ಈಗಾಗಲೇ ತಪ್ಪದೆ ನಡೆಯುತ್ತಿರುವ ಯಾವುದಕ್ಕಾದರೂ ಓದನ್ನು ಕಟ್ಟಿಹಾಕಬೇಕು. ಸಂಜೆ ಜಪಸರ ಹೇಳುವ ಮನೆಗಳಲ್ಲಿ ಇದು ತೀರಾ ಸಲೀಸು. ಮಂಗಳೂರಿನ ಕಡೆ ಕೊಂಕಣಿಯಲ್ಲಿ ತೆರ್ಸ್ ಎಂದು ಇದೇ ಜಪಸರ ಹೇಳುವವರಿಗೂ ಅಷ್ಟೇ. ಎಲ್ಲರೂ ಮೊಣಕಾಲೂರಿ ಕೂತಾಗಿದೆ, ಟೀವಿ ಆರಿದೆ, ಇನ್ನೈದು ನಿಮಿಷಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಜಪಸರ ಹೇಳುತ್ತ ಧ್ಯಾನಿಸುವ ಘಟನೆಗಳು, ಅಂದರೆ ರಹಸ್ಯಗಳೂ, ಬಹುಪಾಲು ಶುಭಸಂದೇಶದವೇ ಅಲ್ಲವೆ? ಸೋಮವಾರ, ಶನಿವಾರಗಳ ಸಂತೋಷದ ರಹಸ್ಯಗಳು ಐದೂ ಲೂಕರ ಮೊದಲ ಎರಡು ಅಧ್ಯಾಯಗಳಲ್ಲಿ ಸಿಗುತ್ತವೆ. 2002ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಸೇರಿಸಿದ, ಗುರುವಾರದ ಬೆಳಕಿನ ರಹಸ್ಯಗಳೂ ಯೇಸುವಿನ ಸಾರ್ವಜನಿಕ ಜೀವನದ ಘಟನೆಗಳೇ. ದಿನದ ವಾಚನ ಹುಡುಕುವುದೇ ತಲೆನೋವೆನಿಸುವವರು ಆ ದಿನದ ಒಂದು ರಹಸ್ಯದ ಭಾಗವನ್ನು ತೆರೆದು ಓದಿದರೂ ಅರ್ಧ ದಾರಿ ಬಂದಹಾಗೆ.

ಒಂಟಿಯಾಗಿರುವವರಿಗೆ ಬೆಳಗಿನ ಕಾಫಿ ಒಳ್ಳೆಯ ಗೂಟ. ರಾತ್ರಿ ಪಾಳಿಯ ನರ್ಸ್‌ಗಳಿಗೆ ಪಾಳಿ ಮುಗಿಸಿ ಬಂದು ಮುಖ ತೊಳೆದ ಮೇಲೆ. ಹಾಸಿಗೆಯಲ್ಲಿ ಮಲಗಿಕೊಂಡು ಓದುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಮೂರನೇ ವಚನಕ್ಕೆ ನಿದ್ದೆ. ಜಾಗವೂ ದಿನಾ ಒಂದೇ ಇರಲಿ. ಪುಸ್ತಕ ಕಪಾಟಿನೊಳಗೆ ಹೋಗದೆ ಅಲ್ಲೇ ಕೈಗೆ ಸಿಗುವಂತಿರಲಿ.

ಓದುವುದು ಹೇಗೆ: ಒಂದು ಭಾಗ ಹಿಡಿದು ನೋಡೋಣ

ಧರ್ಮಸಭೆಯಲ್ಲಿ 'ಲೆಕ್ಸಿಯೊ ದಿವೀನ', ಅಂದರೆ ಪವಿತ್ರ ಓದು, ಎಂಬ ಹಳೆಯ ಪದ್ಧತಿಯಿದೆ. 12ನೇ ಶತಮಾನದ ಕಾರ್ತೂಸಿಯನ್ ಸಂನ್ಯಾಸಿ ಎರಡನೇ ಗ್ವಿಗೊ ಅದಕ್ಕೆ ನಾಲ್ಕು ಮೆಟ್ಟಿಲು ಹೇಳಿದರು: ಓದು, ಧ್ಯಾನ, ಪ್ರಾರ್ಥನೆ, ದೇವರ ಮುಂದೆ ಸುಮ್ಮನಿರುವುದು. 2010ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು 'ವೆರ್ಬುಂ ದೋಮಿನಿ' ಎಂಬ ದಸ್ತಾವೇಜಿನಲ್ಲಿ ಇದನ್ನು ವಿವರಿಸುತ್ತ, ಓದು ಕಾರ್ಯಕ್ಕಿಳಿಯುವವರೆಗೆ ಮುಗಿಯುವುದಿಲ್ಲ ಎಂದರು. ಕೇಳಲು ಮಠದ ಸಾಧನೆಯಂತಿದೆ. ಅಡುಗೆಮನೆ ಪಕ್ಕದ ಕುರ್ಚಿಯಲ್ಲಿ ಕೂತೂ ಮಾಡಬಹುದು.

ಮಾರ್ಕ 10:46-52 ತೆಗೆಯಿರಿ. ಜೆರಿಕೋ ಊರಿನ ಹೊರಗೆ, ದಾರಿಬದಿಯಲ್ಲಿ ಕೂತ ಕುರುಡ ಭಿಕ್ಷುಕ ಬಾರ್ತಿಮಾಯ. ಒಟ್ಟು ಏಳು ವಚನ. ಶಿಲುಬೆಯ ಗುರುತು ಹಾಕಿ, ಪವಿತ್ರಾತ್ಮರನ್ನು ಒಂದು ಮಾತಿನಲ್ಲಿ ಕರೆದು, ತುಸು ದನಿ ತೆಗೆದು ಓದಿ. ಮತ್ತೊಮ್ಮೆ ಓದಿ. ಮೊದಲ ಸಲ ನಾವು ಕಥೆಯನ್ನಷ್ಟೇ ಓದುತ್ತೇವೆ, ಅದೂ ಹಿಂದೆ ಕೇಳಿದ್ದನ್ನೇ. ಎರಡನೇ ಸಲ ಚಿಕ್ಕಪುಟ್ಟ ಸಂಗತಿಗಳು ಕಣ್ಣಿಗೆ ಬೀಳುತ್ತವೆ.

ಅವನು ಕೂಗಿದಾಗ ಬಾಯಿಮುಚ್ಚು ಎಂದು ಗದರಿದವರು ಯಾರು? ಯೇಸುವಿನ ಜೊತೆ ನಡೆಯುತ್ತಿದ್ದವರು. ಯೇಸು ನಿಂತು, ಅವನನ್ನು ಕರೆಯಿರಿ ಎಂದದ್ದೇ ತಡ, ಅದೇ ಜನ, ಧೈರ್ಯವಾಗಿರು, ಏಳು ಎನ್ನುತ್ತಾರೆ. ಅವನು ಮೇಲುಹೊದಿಕೆಯನ್ನು ಎಸೆದು ಜಿಗಿದು ಬರುತ್ತಾನೆ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಸೂರ್ಯ ಮುಳುಗುವ ಮುಂಚೆ ಹಿಂದಿರುಗಿಸಬೇಕು, ರಾತ್ರಿ ಹೊದೆಯಲು ಅವನಿಗಿರುವುದು ಅದೊಂದೇ ಎಂದು ವಿಮೋಚನಾಕಾಂಡದ 22ನೇ ಅಧ್ಯಾಯ ಹೇಳುತ್ತದೆ. ಅಂಥದ್ದನ್ನು ಈ ಕುರುಡ ಗುಂಪಿನ ನಡುವೆ ಎಸೆದುಬಿಟ್ಟ. ಮತ್ತೆ ಕೈಗೆ ಸಿಗುತ್ತದೆಂಬ ಖಾತ್ರಿ ಏನಿತ್ತು?

ಯೇಸು ಕೇಳುತ್ತಾರೆ: ನಿನಗಾಗಿ ನಾನು ಏನು ಮಾಡಬೇಕೆನ್ನುತ್ತೀ? ಇಲ್ಲಿ ಓದು ನಿಲ್ಲಿಸಿ, ಹದಿನೈದು ವಚನ ಹಿಂದಕ್ಕೆ ಹೋಗಿ. 36ನೇ ವಚನದಲ್ಲಿ ಇದೇ ಪ್ರಶ್ನೆಯನ್ನು ಯಕೋಬ, ಯೊವಾನ್ನ ಸೋದರರಿಗೆ ಕೇಳಿದ್ದಾರೆ. ಅವರು ಬೇಡಿದ್ದು ಬಲಗಡೆ ಎಡಗಡೆಯ ಆಸನ. ಕುರುಡ ಬೇಡುವುದು ಕಣ್ಣು. ಶಿಷ್ಯರಿಗೆ ಆಸನ ಸಿಗಲಿಲ್ಲ, ಇವನಿಗೆ ದೃಷ್ಟಿ ಬಂತು, ಬಂದವನು ಮನೆಗೆ ಹೋಗದೆ ಆ ದಾರಿಯಲ್ಲೇ ಹಿಂಬಾಲಿಸಿದ. ಮರುಪುಟ ತಿರುವಿದರೆ ಆ ದಾರಿ ಹೋಗುವುದು ಜೆರುಸಲೇಮಿಗೆ.

ಇಷ್ಟು ಕಂಡಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಆ ಪ್ರಶ್ನೆಯನ್ನು ನಮಗೇ ಕೇಳಿದರೆ ಏನು ಉತ್ತರ ಕೊಡುತ್ತೇವೆಂದು ಯೋಚಿಸುವುದು ಧ್ಯಾನ. ಆ ಉತ್ತರವನ್ನು ಯೇಸುವಿಗೆ ನಮ್ಮದೇ ಮಾತಿನಲ್ಲಿ, ಮನೆಮಾತಿನಲ್ಲೇ ಹೇಳುವುದು ಪ್ರಾರ್ಥನೆ. ಆಮೇಲೆ ಎರಡು ನಿಮಿಷ ಏನನ್ನೂ ಹೇಳದೆ ಇರುವುದು ಎಲ್ಲಕ್ಕಿಂತ ಕಷ್ಟ. ಮನಸ್ಸು ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಓಡುತ್ತದೆ, ಓಡಲಿ, ಕರೆದುಕೊಂಡು ಬನ್ನಿ. ಕಾರ್ಯ ಅಂದರೆ ದೊಡ್ಡದೇನೂ ಬೇಡ. ಯಾರ ಕೂಗನ್ನು ನಾವು ಗದರಿ ಅಡಗಿಸುತ್ತಿದ್ದೇವೆ? ಇವತ್ತು ಅವರ ಮಾತು ಪೂರ್ತಿ ಕೇಳಿಸಿಕೊಂಡರಾಯಿತು.

ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ತಾರೀಕು, ವಚನ, ಒಂದೇ ಸಾಲು ಬರೆದಿಡಿ. ಪುಟಗಟ್ಟಲೆ ಬರೆಯಲು ಹೊರಟರೆ ಅದು ಮನೆಕೆಲಸವಾಗಿಬಿಡುತ್ತದೆ.

ಅರ್ಥವಾಗದಿದ್ದರೆ, ದಿನ ತಪ್ಪಿದರೆ

ಅರ್ಥವಾಗದ ಭಾಗಗಳು ಬಂದೇ ಬರುತ್ತವೆ. ಯೆಹೋಶುವನ ಯುದ್ಧಗಳು, 137ನೇ ಕೀರ್ತನೆಯ ಕೊನೆಯ ವಚನ ಓದಿ ಬೆಚ್ಚದವರು ಯಾರು? ಅಡಿಟಿಪ್ಪಣಿ ನೋಡಿ, ಹಿಂದಿನ ಮುಂದಿನ ಭಾಗ ಓದಿ, ಆದರೂ ಬಗೆಹರಿಯದಿದ್ದರೆ ಪ್ರಶ್ನೆಯನ್ನು ಬರೆದಿಟ್ಟು ಮುಂದೆ ಸಾಗಿ. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕೇಳಿ, ಪಾರ್ಕಿಂಗಿನ ದೂರುಗಳಿಗಿಂತ ಇಂಥ ಪ್ರಶ್ನೆ ಅವರಿಗೆ ಖುಷಿಯೇ. ಕಥೋಲಿಕ ಧರ್ಮೋಪದೇಶ ಗ್ರಂಥದ 101ರಿಂದ 141ನೇ ಪರಿಚ್ಛೇದಗಳು ಪವಿತ್ರ ಗ್ರಂಥವನ್ನು ಹೇಗೆ ಓದಬೇಕೆಂಬುದರ ಬಗ್ಗೆಯೇ ಇವೆ. ಒಂದು ವಚನವನ್ನು ಬಿಡಿಯಾಗಿ ಕಿತ್ತು ತೀರ್ಪು ಕೊಡಬಾರದು, ಇಡೀ ಗ್ರಂಥದ ಜೊತೆ, ಧರ್ಮಸಭೆಯ ಪರಂಪರೆಯ ಜೊತೆ ಓದಬೇಕು ಎನ್ನುವುದು ಅಲ್ಲಿನ ಸಾರ. ಕಣ್ಣುಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟ ವಚನವೇ ಇವತ್ತಿನ ಉತ್ತರ ಎನ್ನುವ ಅಭ್ಯಾಸ ಕೆಲವರಿಗಿದೆ. ಮಗಳ ಮದುವೆ, ಸೈಟಿನ ವ್ಯವಹಾರಗಳಿಗೆ ಅದನ್ನು ಬಳಸದಿರುವುದು ಕ್ಷೇಮ.

ಜ್ವರ ಬಂತು, ನೆಂಟರು ಬಂದರು, ನಾಲ್ಕು ದಿನ ಓದಲಿಲ್ಲ. ಐದನೇ ದಿನ ಐದೂ ದಿನದ್ದನ್ನು ಓದಲು ಕೂರಬೇಡಿ. ಈ ಪದ್ಧತಿಯ ದೊಡ್ಡ ಅನುಕೂಲವೇ ಇದು: ಇದರಲ್ಲಿ ಬಾಕಿ ಎಂಬುದಿಲ್ಲ. ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿಗೆ ಏನಿದೆಯೋ ಅದನ್ನು ತೆರೆಯಿರಿ. ಊರಿನ ದೇವಾಲಯದಲ್ಲೂ ಅಬುಧಾಬಿಯಲ್ಲಿರುವ ಮಗನ ಚರ್ಚಿನಲ್ಲೂ ಸಾಮಾನ್ಯವಾಗಿ ಅದೇ ಭಾಗ ಓದಲಾಗಿರುತ್ತದೆ, ಫೋನಿನಲ್ಲಿ ಮಾತಾಡಲು ಹವಾಮಾನದ ಹೊರತು ಇನ್ನೊಂದು ವಿಷಯ ಸಿಕ್ಕಿತು. ಕಣ್ಣು ಮಂಜಾದವರಿಗೆ ಮನೆಯ ಮಕ್ಕಳು ಓದಿ ಹೇಳಲಿ, ಆಡಿಯೊ ಇದ್ದರೆ ಅದೂ ಓದೇ.

ಮೂರು ತಿಂಗಳಾದ ಮೇಲೆ

ರೂಢಿ ನಿಂತಿತು ಅನ್ನಿಸಿದಾಗ ಒಂದೊಂದೇ ಸೇರಿಸಿ. ಲೂಕರ 24 ಅಧ್ಯಾಯ ಮುಗಿಸಿ, ಅದರ ಮುಂದಿನ ಸಂಪುಟವೇ ಆದ ಪ್ರೇಷಿತರ ಕಾರ್ಯಕಲಾಪಗಳ 28 ಅಧ್ಯಾಯ ಓದಿ, ಎರಡೂ ಒಬ್ಬರೇ ಬರೆದವು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಿಂಗಳ ತಾರೀಕಿಗೊಂದು. ರೂತಳ ಕಥೆ ನಾಲ್ಕೇ ಅಧ್ಯಾಯ. ತೊಬಿತನದು 14, ದೇವದೂತ, ನಾಯಿ, ಮೀನು, ಮದುವೆ ಎಲ್ಲ ಇರುವ ಸೊಗಸಾದ ಪ್ರಯಾಣ ಕಥೆ, ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಜಾಲೀಮರದ ಮಂಜೂಷದತ್ತ ಆಮೇಲೆ ಹೋಗಬಹುದು.

ಶನಿವಾರ ಸಂಜೆ ಮಾತ್ರ ಹತ್ತರ ಬದಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಮರುದಿನದ ಮೂರು ವಾಚನ ಮತ್ತು ಕೀರ್ತನೆಯನ್ನು ಮುಂಚೆಯೇ ಓದಿ, ಮೊದಲ ವಾಚನಕ್ಕೂ ಶುಭಸಂದೇಶಕ್ಕೂ ಏನು ಸಂಬಂಧವೆಂದು ಹುಡುಕಿ. ಸಾಧಾರಣ ಕಾಲದ ಭಾನುವಾರಗಳಲ್ಲಿ ಆ ಎರಡನ್ನೂ ಬೇಕೆಂದೇ ಜೋಡಿಸಿರುತ್ತಾರೆ. ಪ್ರಬೋಧನೆ ಆಗ ಬೇರೆಯೇ ರೀತಿ ಕೇಳಿಸುತ್ತದೆ, ಫಾದರ್ ಎಲ್ಲಿ ತಯಾರಿಯಿಲ್ಲದೆ ಬಂದಿದ್ದಾರೆಂದೂ ತಿಳಿದುಹೋಗುತ್ತದೆ. ಒಂದು ಅಪಾಯವೂ ಇದೆ. ಪೂಜೆ ಶುರುವಾಗಲು ಎರಡು ನಿಮಿಷವಿದ್ದಾಗ, ವಾಚನ ಓದುವವರು ಬಂದಿಲ್ಲವೆಂದು ಉಪದೇಶಿ ಸಾಲು ಸಾಲು ಕಣ್ಣಾಡಿಸುತ್ತಾರಲ್ಲ, ಆಗ ತಲೆ ತಗ್ಗಿಸಿ ಕೂರಲು ನಿಮಗೆ ನೆಪ ಉಳಿದಿರುವುದಿಲ್ಲ.