ಕೆಟ್ಟ ಕಂಪ್ಯೂಟರ್ ಕೊಟ್ಟೇ ಹಾರ್ಡ್‌ವೇರ್ ಕಲಿಸಿದೆ: ನನ್ನ ಅನುಭವ

ಡಿಪ್ಲೊಮಾ ಮಕ್ಕಳ ಸಂಜೆ ಬ್ಯಾಚಿಗೆ ಮೊದಲ ದಿನವೇ ಕೆಟ್ಟ ಕಂಪ್ಯೂಟರ್ ಕೊಡ್ತೀನಿ ಅಂದಾಗ, ಇಲ್ಲಿ ಮಂಡ್ಯದಲ್ಲಿ ನನ್ನ ಜೊತೆ ಪಾಠ ಮಾಡುವವರು ಯಾರೂ ಒಪ್ಪಲಿಲ್ಲ. "ಮೊದಲು ನೋಟ್ಸ್ ಬರೆಸಿ ಸರ್, ಆಮೇಲೆ ಬಿಚ್ಚಿಸಿ" ಅಂದರು. ನೋಟ್ಸ್ ಬರೆಸಿಯೂ ನೋಡಿದ್ದಾಯ್ತು. ರ‍್ಯಾಮ್ ಅಂದರೇನು ಅಂತ ಬಾಯಿಪಾಠ ಒಪ್ಪಿಸುವ ಹುಡುಗನೇ ಡಿಡಿಆರ್2 ರ‍್ಯಾಮ್ ತಂದು, ಅದರ ಮುಂದಿನ ತಲೆಮಾರಿನ ಡಿಡಿಆರ್3ರ ಸ್ಲಾಟಿಗೆ ಒತ್ತುತ್ತಾನೆ. ಎರಡರಲ್ಲೂ 240 ಪಿನ್ನೇ, ಕಚ್ಚಿನ ಜಾಗ ಮಾತ್ರ ಬೇರೆ. ಕೈಯಲ್ಲಿ ಹಿಡಿದು ನೋಡಿದವನಿಗೆ ಅದನ್ನು ಇನ್ನೊಮ್ಮೆ ಹೇಳಬೇಕಾಗಿಲ್ಲ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಸೂರಿನ ಗುಜರಿಯಲ್ಲಿ ಹಳೇ ಕೋರ್ 2 ಡ್ಯುಯೋ ಪ್ರೊಸೆಸರಿನ ಡೆಸ್ಕ್‌ಟಾಪ್ ಒಂದಕ್ಕೆ 500-600 ರೂಪಾಯಿಯಂತೆ ಹತ್ತು ತಂದೆ. ರಬ್ಬರಲ್ಲಿ ರ‍್ಯಾಮ್ ಉಜ್ಜಿ, ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಬದಲಿಸಿದ್ದಕ್ಕೇ ಅರ್ಧಕ್ಕಿಂತ ಜಾಸ್ತಿ ಮೆಷಿನ್ ಎದ್ದು ಕೂತವು. ಉಳಿದವು ಬಿಚ್ಚಿ ಜೋಡಿಸೋಕೆ. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಕೇಬಲ್ ಪರೀಕ್ಷಿಸುವ ಟೆಸ್ಟರ್, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸೆಕೆಂಡ್ ಹ್ಯಾಂಡ್ ಸ್ವಿಚ್ಚು, ಕೇಬಲ್ ಎಲ್ಲಾ ಸೇರಿ ಒಟ್ಟು 16-17 ಸಾವಿರದಲ್ಲಿ ಲ್ಯಾಬ್ ಆಯ್ತು. ಅಗ್ಗದ ಕನೆಕ್ಟರ್ ಪ್ಯಾಕೆಟ್ ಮಾತ್ರ ಕೈ ಕೊಟ್ಟಿತು. ಅರ್ಧದಷ್ಟು ಪಿನ್ನು ವೈರಿಗೆ ಕಚ್ಚಲೇ ಇಲ್ಲ, 300 ರೂಪಾಯಿ ನೀರಲ್ಲಿ ಹೋಯ್ತು.

ಚೆನ್ನಾಗಿರುವ ಮೆಷಿನ್‌ಗಳನ್ನು ನಾನೇ ಕೆಡಿಸಿ ಇಡುತ್ತೇನೆ. ಪ್ರೊಸೆಸರಿಗೆ ಹೋಗುವ 4 ಪಿನ್ನಿನ ಪವರ್ ಕನೆಕ್ಟರ್ ಕಿತ್ತಿಟ್ಟರೆ ಸಾಕು. ಫ್ಯಾನ್ ತಿರುಗುತ್ತೆ, ಲೈಟು ಬರುತ್ತೆ, ಡಿಸ್ಪ್ಲೇ ಬರಲ್ಲ. ಮಕ್ಕಳು ಮಾನಿಟರ್ ಬದಲಿಸುತ್ತಾರೆ, ರ‍್ಯಾಮ್ ಬದಲಿಸುತ್ತಾರೆ, ಕೊನೆಗೆ ಯಾರೋ ಒಬ್ಬರ ಕಣ್ಣು ಅಲ್ಲಿಗೆ ಹೋಗುತ್ತೆ. ಇಂಥ ಇನ್ನೂ ಮೂರ್ನಾಲ್ಕು ಇವೆ, ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದ್ತಾರೆ ಅಲ್ವಾ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ) ಡಬ್ಬಿ ಮಾತ್ರ ಯಾರೂ ಬಿಚ್ಚುವಂತಿಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಕೇಬಲ್ ಪಾಠ. ನೆಟ್ವರ್ಕ್ ಕೇಬಲಿನ ಎಂಟು ವೈರು ಕನೆಕ್ಟರಲ್ಲಿ ಯಾವ ಕ್ರಮದಲ್ಲಿ ಕೂರಬೇಕು ಅನ್ನುವ ಟಿ568ಬಿ ಬಣ್ಣದ ಸಾಲನ್ನು ನಾನು ಮೊದಲು ಹೇಳುವುದೇ ಇಲ್ಲ. "ಎರಡೂ ತುದಿ ಒಂದೇ ಥರ ಇರಲಿ, ಬಣ್ಣ ನಿಮ್ಮಿಷ್ಟ" ಅಂತೀನಿ. ಎಲ್ಲರೂ ಜೋಡಿ ಜೋಡಿಯಾಗಿ ಚೆಂದಕ್ಕೆ ಕೂರಿಸುತ್ತಾರೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಒಂದು ಮೀಟರ್ ಕೇಬಲಲ್ಲಿ ಫೈಲ್ ಸಲೀಸಾಗಿ ಹೋಗುತ್ತೆ. ಆಮೇಲೆ ಅದೇ ಸಾಲಲ್ಲಿ 40 ಮೀಟರ್ ಮಾಡಿಸುತ್ತೇನೆ. ಲಿಂಕ್ ಬರುತ್ತೆ ಹೋಗುತ್ತೆ, ಆ ಕಡೆಯಿಂದ ಉತ್ತರ ಬರುತ್ತಾ ಅಂತ ಪಿಂಗ್ ಕೊಟ್ಟು ನೋಡಿದರೆ ಡೇಟಾ ಪ್ಯಾಕೆಟ್ ಕಳೆದುಹೋಗುತ್ತೆ. ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಟೆಸ್ಟರ್ ಹಿಡಿದುಕೊಂಡೇ ಬಂದಳು, "ಸರ್, ಎಂಟೂ ಲೈಟು ವರಸೆಯಾಗಿ ಬರ್ತಿದೆ, ಕೇಬಲ್ ಸರಿ ಇದೆ, ನಿಮ್ಮ ಸ್ವಿಚ್ಚೇ ಹೋಗಿದೆ" ಅಂತ. ಸ್ವಿಚ್ ಬದಲಿಸಿದೆವು, ಹಾಗೇ ಇತ್ತು.

ಆಗ ಕೇಬಲ್ ಸಿಪ್ಪೆ ಸುಲಿಸಿ ಹೊಸೆದ ಜೋಡಿಗಳನ್ನು ತೋರಿಸಿದೆ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಲಿಂಕ್ ಓಡುವುದು 1-2 ಮತ್ತು 3-6ನೇ ಪಿನ್ನುಗಳಲ್ಲಿ. ಅವಳ ಸಾಲಿನಲ್ಲಿ 3ನೇ ಪಿನ್ನು ಹಸಿರು ಜೋಡಿಯದು, 6ನೆಯದು ನೀಲಿ ಜೋಡಿಯದು. ಒಂದೇ ಸಿಗ್ನಲ್ಲಿನ ಎರಡು ವೈರು ಬೇರೆ ಬೇರೆ ಜೋಡಿಗೆ ಹೋದರೆ, ಹೊಸೆತದಿಂದ ಗದ್ದಲ ಕಳೆಯುವುದು ಎಲ್ಲಿಂದ ಬಂತು? ಟೆಸ್ಟರಿಗೆ ಇದು ಗೊತ್ತಾಗುವುದಿಲ್ಲ, ಅದು ವೈರು ತುದಿಯಿಂದ ತುದಿಗೆ ಮುಟ್ಟಿದೆಯಾ ಅಂತ ಮಾತ್ರ ನೋಡುತ್ತೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದವಳು "ಹಂಗಾದ್ರೆ ಹಸಿರಿನ ನಡುವೆ ನೀಲಿ ಕೂರಿಸೋದು ಇದಕ್ಕೇನಾ" ಅಂದಳು. ಟಿ568ಬಿಯಲ್ಲಿ 3-6 ಹಸಿರು ಜೋಡಿಗೆ, ನಡುವಿನ 4-5 ನೀಲಿ ಜೋಡಿಗೆ. ಈ ಒಂದು ಪ್ರಶ್ನೆಗಾಗಿ ಎಷ್ಟು ಕೇಬಲ್ ಹಾಳಾದರೂ ಪರವಾಗಿಲ್ಲ.

ನಡುವೆ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದೆ. ಹಳೇ ಮೆಷಿನ್‌ಗಳಲ್ಲಿ ಒಂದೊಂದೇ ಬಿಟ್ ಕಳಿಸುವ ಸೀರಿಯಲ್ ಪೋರ್ಟ್ ಇತ್ತು, ಸುಮ್ನೆ ಬಿಡೋದ್ಯಾಕೆ? ಬರೀ ಮೂರು ವೈರು, ಕಳಿಸುವುದು ಮತ್ತು ಪಡೆಯುವುದು ಅದಲು ಬದಲು, ಗ್ರೌಂಡ್ ನೇರ, ಎರಡೂ ಕಡೆ ಪುಟಿ (PuTTY) ಅನ್ನೋ ಟರ್ಮಿನಲ್ ಪ್ರೋಗ್ರಾಂ, ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ ಅಕ್ಷರಕ್ಕೆ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ಒಂದು ಲಕ್ಷ ಅಕ್ಷರದ ಇಂಗ್ಲಿಷ್ ಫೈಲ್ ಹೋಗಲು ಹತ್ತಿರ ಹತ್ತಿರ ಒಂದೂಮುಕ್ಕಾಲು ನಿಮಿಷ. ಮಕ್ಕಳು ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು, ಲೆಕ್ಕ ಸರಿಹೋಯ್ತು. ಒಂದು ಕಡೆ 4800 ಮಾಡಿದರೆ ಪರದೆ ತುಂಬಾ ಕಸ. ಒಬ್ಬ ಹುಡುಗ ಮಂಡ್ಯ ಅಂತ ಕನ್ನಡದಲ್ಲಿ ಕಳಿಸಿ ಬೈಟ್ ಎಣಿಸಿದ, 15 ಬಂತು. ಇಂಗ್ಲಿಷಲ್ಲಾದರೆ 6. ಅಕ್ಷರಗಳನ್ನು ಬೈಟಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ (ಮ, ಸೊನ್ನೆ, ಡ, ಹಲಂತ, ಯ) 3 ಬೈಟ್ ಅನ್ನೋದು ಅಲ್ಲೇ ಗೊತ್ತಾಯ್ತು. ಇದು ಸಿಲಬಸ್ಸಿನಲ್ಲಿಲ್ಲ, ಆದರೂ ಬಿಡುವುದಿಲ್ಲ.

ಹೋದ ಬ್ಯಾಚಿನವರು ಮದ್ದೂರು ಕಡೆ ಒಂದು ಶಾಲೆಯ ಲ್ಯಾಬಿಗೆ ತಾವೇ ಕೇಬಲ್ ಎಳೆದು, ಮೆಷಿನ್ನುಗಳಿಗೆ ಐಪಿ ವಿಳಾಸ ಕೊಟ್ಟು ಬಂದರು. ನಾನು ಹೋಗಿದ್ದು ಊಟದ ಹೊತ್ತಿಗೆ ಮಾತ್ರ, ಅಷ್ಟರಲ್ಲಿ ಎಲ್ಲಾ ಮೆಷಿನ್ನೂ ಪಿಂಗ್ ಆಗುತ್ತಿದ್ದವು. ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಗುಜರಿ ಅಂಗಡಿಯ ದಾರಿ ಕೇಳುತ್ತಿದ್ದಾರೆ.

ನೀವೂ ಮಾಡುವುದಾದರೆ ಕೇಬಲಲ್ಲಿ ಉಳಿತಾಯ ಮಾಡಬೇಡಿ. ಅಗ್ಗದ್ದರಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಇರುತ್ತೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತೆ. ಅಂಗಡಿಯಲ್ಲೇ ಬ್ಲೇಡಲ್ಲಿ ವೈರು ಕೆರೆದು ನೋಡಿ. ಬೆಳ್ಳಗೆ ಕಂಡರೆ ವಾಪಸ್ ಕೊಡಿ.